ಮಂಗಳ ಮುಗಿದ ಮೇಲೆ ಉಳಿದ ಟೇಪು

ಎಂಬತ್ತರ ದಶಕದ ರಾಕ್ ಸಂಗೀತ ಅಂದರೆ ಬಲ್ಲವರು ಮೂಗು ಮುರಿಯುತ್ತಾರೆ. ಅರವತ್ತು, ಎಪ್ಪತ್ತರಲ್ಲಿ ಎಲ್ಲ ಮುಗಿಯಿತು, ಆಮೇಲೆ ಬಂದದ್ದು ಬರೀ ಮಷಿನ್ ಡ್ರಮ್ಮು, ಕೂದಲು ಕೆದರಿಕೊಂಡವರ ಕುಣಿತ ಎಂದು ಧಾರವಾಡದ ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬ ನನಗೆ ಪಾಠ ಮಾಡಿದ್ದ. ಅವನ ಹತ್ತಿರ ದೊಡ್ಡ ಸ್ಪೀಕರ್ ಇತ್ತು. ನನ್ನ ಹತ್ತಿರ ವಾದ ಮಾಡುವಷ್ಟು ಇಂಗ್ಲಿಷೂ ಇರಲಿಲ್ಲ. ತಲೆಯಾಡಿಸಿ ಎದ್ದು ಬಂದೆ.

ಆದರೆ ಅವನು ಕೇಳಿದ್ದು ರೇಡಿಯೋದಲ್ಲಿ ಬಂದದ್ದನ್ನು, ಅಂಗಡಿಯಲ್ಲಿ ಮಾರಿದ್ದನ್ನು. ಅದೇ ದಶಕದಲ್ಲಿ ಯಾವ ಕಂಪನಿಗೂ ಬೇಡವಾದ ಹುಡುಗ ಹುಡುಗಿಯರು ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದೇ ಮೈಕ್ ಇಟ್ಟುಕೊಂಡು ಹಾಡುತ್ತಿದ್ದರು. ಅದನ್ನು ತಾವೇ ಕ್ಯಾಸೆಟ್ಟಿಗೆ ತುಂಬಿ, ಝೆರಾಕ್ಸ್ ಮಾಡಿದ ಕಾಗದ ಹೊದಿಸಿ, ಕೈಯಿಂದ ಕೈಗೆ ದಾಟಿಸುತ್ತಿದ್ದರು. ಆ ಸಂಗೀತವನ್ನು ನಾನು ಕೇಳಿದ್ದು ಬೈಲಹೊಂಗಲದಲ್ಲಿ, ಭಜನೆ ಕ್ಯಾಸೆಟ್ಟುಗಳ ಕೊನೆಯಲ್ಲಿ. ನಗಬೇಡಿ, ನಿಜವಾಗಿಯೂ ಅಲ್ಲಿಯೇ.

ನಮ್ಮ ಕಾಕಾನದು ಬಜಾರಿನ ಒಳ ಓಣಿಯಲ್ಲಿ ಒಂದು ರೆಕಾರ್ಡಿಂಗ್ ಅಂಗಡಿ. ಸುತ್ತಲಿನ ಊರುಗಳ ಭಜನಾ ಮೇಳದವರು ಬಂದು ಹಿಂದಿನ ಖೋಲಿಯಲ್ಲಿ ಚಾಪೆಯ ಮೇಲೆ ಕುಳಿತು ಹಾಡುತ್ತಿದ್ದರು. ಫ್ಯಾನ್ ಹಾಕಲೆಂದು ಬಿಟ್ಟ ಕೊಂಡಿಗೆ ಕಾಕಾ ಮೈಕ್ ಇಳಿಬಿಟ್ಟಿದ್ದ. ಫ್ಯಾನ್ ಎಂದೂ ಬರಲೇ ಇಲ್ಲ. ಪಿಯುಸಿ ಓದುತ್ತಿದ್ದ ನಾನು ಕಾಲೇಜು ಬಿಟ್ಟ ಮೇಲೆ ಅಲ್ಲಿಯೇ ಇರುತ್ತಿದ್ದೆ. ಟೇಪ್ ಓಡಿಸುವುದು, ನಿಲ್ಲಿಸುವುದು, ಕ್ಯಾಸೆಟ್ಟಿನ ಮೇಲೆ ಮೇಳದ ಹೆಸರು ಬರೆಯುವುದು ನನ್ನ ಕೆಲಸ. ತೊಂಬತ್ತರ ದಶಕದ ಕೊನೆಯ ವರ್ಷಗಳವು.

ಹೊಸ ಖಾಲಿ ಕ್ಯಾಸೆಟ್ಟನ್ನು ಕಾಕಾ ತರಿಸುತ್ತಿರಲಿಲ್ಲ. ಗೋವಾ ಕಡೆಯ ವ್ಯಾಪಾರಿಯೊಬ್ಬ ಗೋಣಿಚೀಲದಲ್ಲಿ ಹಳೆಯ ಕ್ಯಾಸೆಟ್ಟು ತಂದು ಸುರಿಯುತ್ತಿದ್ದ. ಸಮುದ್ರದ ದಂಡೆಗೆ ಬಂದ ಪರದೇಶದವರು ಬಿಟ್ಟುಹೋದದ್ದು, ಮಾರಿಹೋದದ್ದು. "ಒಳಗಿನ ಹಾಡ ಹಾಳಾಗಿ ಹೋಗ್ಲಿ, ಟೇಪ್ ನೋಡು, ರೇಷ್ಮಿ ಇದ್ದಂಗ ಐತಿ" ಎನ್ನುತ್ತಿದ್ದ ಕಾಕಾ. ಅಳಿಸಬಾರದೆಂದು ಯಾರೋ ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಚೂರು ಮುರಿದಿರುತ್ತಿದ್ದರು. ಆ ತೂತಿಗೆ ಕಾಗದದ ಉಂಡೆ ತುರುಕಿದರೆ ಮತ್ತೆ ತುಂಬಬಹುದು. ನಾನು ತುರುಕುತ್ತಿದ್ದೆ. ಹತ್ತು ಸೆಕೆಂಡು ಹಾಕಿ ನೋಡುವುದು, ಟೇಪ್ ಸಿಕ್ಕಿಕೊಳ್ಳುತ್ತಿಲ್ಲ ಎಂದಾದರೆ ಭಜನೆ ತುಂಬುವುದು.

ಭಜನೆ ಮುಗಿದ ಕೂಡಲೇ ಟೇಪ್ ನಿಲ್ಲಿಸಬೇಕು ಎಂಬುದು ಕಾಕಾನ ನೇಮ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹೊರಗೆ ಇನ್ನೊಂದು ಮೇಳ ಕಾಯುತ್ತಿರುತ್ತದೆ. ಹೀಗಾಗಿ ಒಂದು ಬದಿಗೆ ಮೂವತ್ತೈದು ನಿಮಿಷ ಭಜನೆ ಕುಳಿತರೆ ಉಳಿದ ಹತ್ತು ನಿಮಿಷ ಮೊದಲು ಇದ್ದದ್ದೇ ಉಳಿಯುತ್ತಿತ್ತು. ಜನ ಮನೆಯಲ್ಲಿ ಭಕ್ತಿಯಿಂದ ಕೇಳುತ್ತಾರೆ, ಕೊನೆಗೆ ಮಂಗಳ ಪದ ಮುಗಿಯುತ್ತದೆ, ಒಂದು ಕಟ್ ಎಂಬ ಸದ್ದು, ಆಮೇಲೆ ಸಿಡಿಲು.

ಸಂಗೊಳ್ಳಿಯ ಹಿರಿಯರೊಬ್ಬರು ಕ್ಯಾಸೆಟ್ಟು ಹಿಡಿದುಕೊಂಡೇ ಬಂದಿದ್ದರು.

"ಏನಪಾ ಇದು? ಮಂಗಳ ಮುಗದು ಇನ್ನ ಕೈ ಮುಗದಿರಂಗಿಲ್ಲ, ಅಷ್ಟರಾಗ ಯಾವನೋ ಹೊಯ್ಕೊಳ್ಳಾಕ ಹತ್ತತಾನ! ನಮ್ಮ ಮುದುಕಿ ಎದಿ ಹಿಡಕೊಂಡು ಕುಂತಾಳ."

"ಮಂಗಳ ಆದ ಕೂಡ್ಲೆ ಬಟನ್ ಒತ್ರಿ ಅಂತ ಹೇಳಿದ್ನಿಲ್ರಿ ಯಜಮಾನ್ರ? ಪ್ರಸಾದ ತೊಗೊಂಡ ಮ್ಯಾಲೂ ಗುಡ್ಯಾಗ ಕುಂತ್ರ ಹಿಂಗ ಆಗತೈತಿ" ಅಂದ ಕಾಕಾ.

ಇಂಥದೇ ತಕರಾರು ಹೊತ್ತುಕೊಂಡು ಸವದತ್ತಿಯಿಂದ ಒಬ್ಬ ಹುಡುಗ ಬಂದ. ನನ್ನದೇ ವಯಸ್ಸು. ಅವನ ತಂದೆ ಅಲ್ಲಿನ ಒಂದು ಭಜನಾ ಮೇಳದ ಮುಂದಾಳು, ಇವನು ಅವರ ಪಕ್ಕ ಕುಳಿತು ಪೇಟಿ ನುಡಿಸುತ್ತಿದ್ದ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತೇವೆ. ಅಪ್ಪ ಹೇಳಿಕೊಟ್ಟ ಬೈಗುಳವನ್ನೆಲ್ಲ ಕಾಕಾನ ಮುಂದೆ ಒಪ್ಪಿಸಿದ. ಕಾಕಾ ಒಳಗೆ ಹೋದದ್ದೇ ನನ್ನ ಕಡೆ ಬಗ್ಗಿದ.

"ಮೊದಲಿಂದ ಕೇಳಬೇಕಂದ್ರ ಎಲ್ಲಿ ಸಿಗತೈತೋ?"

"ಏನು?"

"ಅದ. ಕಡೀಕ ಬರತೈತಲ್ಲ, ಹೊಯ್ಕೊಳ್ಳೂದು."

"ಸಿಗಂಗಿಲ್ಲ. ಅದರ ಮ್ಯಾಲ ನಿಮ್ಮಪ್ಪಾರು ಕುಂತಾರ."

ಅವನು ನಕ್ಕ ನಗೆಗೆ ಕಾಕಾ ಒಳಗಿನಿಂದ ಇಣುಕಿ ನೋಡಿದ. ಆ ದಿನದಿಂದ ನಾವಿಬ್ಬರೂ ದೋಸ್ತರಾದೆವು.

ಭಜನೆಯ ಹಿಂದೆ ಉಳಿದದ್ದನ್ನು ನಾವು ಉಳಿಕಿ ಎಂದು ಕರೆದೆವು. ಐತವಾರ ಬಂತೆಂದರೆ ಉಳಿಕಿ ಕೇಳಲು ಊರೂರು ತಿರುಗುವುದು. ಅವನು ಮನೆಯಲ್ಲಿ "ಬೈಲಹೊಂಗಲದ ಅಂಗಡಿಗಿ ಹೊಂಟೇನಿ" ಎಂದು ಹೇಳಿ ಬರುತ್ತಿದ್ದ. ಅಲ್ಲಿಂದ ಯಾವುದಾದರೂ ಕೆಂಪು ಬಸ್ಸು. ನಮ್ಮಲ್ಲಿ ತುಂಬಿಸಿಕೊಂಡು ಹೋದವರ ಮನೆ ಹುಡುಕಿ, "ಅಂಗಡಿಯಿಂದ ಬಂದೇವ್ರಿ, ಟೇಪ್ ಸಡಲಾಗೇತೇನು ನೋಡಾಕ" ಎನ್ನುತ್ತಿದ್ದೆವು. ಜನ ಬಹಳ ಖುಷಿಪಡುತ್ತಿದ್ದರು. ಚಹಾ ಬರುತ್ತಿತ್ತು, ಉಪ್ಪಿಟ್ಟು ಬರುತ್ತಿತ್ತು. ಆದರೆ ಹಿರಿಯರ ಎದುರು ಭಜನೆಯನ್ನು ಮುಂದಕ್ಕೆ ಓಡಿಸುವಂತಿಲ್ಲ. ಪದ ನಡೆದಾಗ ಬಟನ್ ಮುಟ್ಟಿದರೆ ದೇವರನ್ನು ಅರ್ಧಕ್ಕೆ ಎಬ್ಬಿಸಿದ ಹಾಗೆ. ನಾಲ್ಕು ನಿಮಿಷದ ಉಳಿಕಿಗಾಗಿ ನಲವತ್ತು ನಿಮಿಷ ಕೈ ಕಟ್ಟಿಕೊಂಡು ಕುಳಿತುಕೊಳ್ಳಬೇಕು.

ಹಾಗೆ ಕುಳಿತದ್ದರಿಂದಲೇ ನಮಗೆ ಆ ಸಂಗೀತ ಅರ್ಥವಾಯಿತು ಎಂದು ಈಗಲೂ ಅಂದುಕೊಂಡಿದ್ದೇನೆ. ಒಂದು ದಿನ ಬಸ್ಸಿನಲ್ಲಿ ಅವನು ಇದ್ದಕ್ಕಿದ್ದಂತೆ ಹೇಳಿದ: "ಎರಡೂ ಒಂದ ಅದಾವಲೇ. ಖೋಲಿ ಕೇಳಸತೈತಿ." ನಿಜವೇ ಇತ್ತು. ರೇಡಿಯೋದ ಆ ಕಾಲದ ದೊಡ್ಡ ಹಾಡುಗಳಲ್ಲಿ ಡ್ರಮ್ಮು ಯಾವುದೋ ಗುಹೆಯಲ್ಲಿ ಬಡಿದಂತೆ ಕೇಳುತ್ತದೆ, ಅಲ್ಲಿ ಮನುಷ್ಯರಿದ್ದಾರೆ ಅನಿಸುವುದೇ ಇಲ್ಲ. ಉಳಿಕಿಗಳಲ್ಲಿ ಹಾಗಲ್ಲ. ನಮ್ಮ ಭಜನೆಯಲ್ಲಿ ತಾಳದವನು ಕೆಮ್ಮುವುದು, ಹೊರಗೆ ಸೈಕಲ್ ಗಂಟೆ ಹೊಡೆದದ್ದು ಕೇಳುವ ಹಾಗೆಯೇ ಅಲ್ಲಿಯೂ ಯಾರೋ ಬಾಗಿಲು ತೆರೆಯುತ್ತಾರೆ, ಯಾರೋ ತಪ್ಪು ಬಾರಿಸಿ ಬೈಸಿಕೊಳ್ಳುತ್ತಾರೆ. ಗಿಟಾರಿನವನಿಗೆ ಮೂರೇ ಸ್ವರ ಬರುತ್ತವೆ, ಆ ಮೂರನ್ನೇ ಜೀವ ಬಿಟ್ಟು ತಿಕ್ಕುತ್ತಾನೆ. ಹಾಡುವವರಿಗೆ ಹಾಡಲು ಬರುವುದಿಲ್ಲ, ಆದರೂ ಹಾಡದೆ ಇರಲು ಆಗುವುದಿಲ್ಲ. ಆ ದಶಕದಲ್ಲಿ ಏನೂ ಇರಲಿಲ್ಲ ಎನ್ನುವವರು ಈ ಖೋಲಿಗಳ ಬಾಗಿಲು ತಟ್ಟಿಯೇ ಇಲ್ಲ.

ನಮಗೆ ಯಾವ ಹಾಡಿನ ಹೆಸರೂ ಗೊತ್ತಿರಲಿಲ್ಲ. ಎಲ್ಲವನ್ನೂ ಕೊನೆಯಿಂದಲೇ ಬಲ್ಲವರು ನಾವು. ನಾನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ: ಎಂ.ಕೆ. ಹುಬ್ಬಳ್ಳಿ, ಫ್ಯಾಕ್ಟರಿ ಕೆಲಸಗಾರರ ಮೇಳ, ಎರಡನೇ ಬದಿ, ಡ್ರಮ್ಮಿನವನಿಗೆ ಸಿಟ್ಟು ಬಂದಿದೆ. ಇಂಥವು.

ಕಿತ್ತೂರಿನಲ್ಲಿ ಸಿಕ್ಕದ್ದು ಬೇರೆಯೇ. ಕೋಟೆಯ ಹಿಂದಿನ ಓಣಿ, ಹಳೆಯ ಪೋಸ್ಟ್‌ಮ್ಯಾನ್ ಒಬ್ಬರ ಮನೆ. ಅವರು ಮೇಳದ ಹಿರಿಯರು, ಅಂದು ಮನೆಯಲ್ಲಿ ಇರಲಿಲ್ಲ. ಅವರ ಹೆಂಡತಿ ನಮ್ಮನ್ನು ಕೂರಿಸಿ ತಾವೇ ಟೇಪ್ ಹಚ್ಚಿದರು. ಮಂಗಳ ಮುಗಿಯಿತು. ನಾನು ಅಭ್ಯಾಸದಿಂದ ಕ್ಷಮೆ ಕೇಳಲು ಬಾಯಿ ತೆರೆದೆ. ಆಕೆ ಕೈ ತೋರಿಸಿ ಸುಮ್ಮನಿರಿಸಿದರು.

"ಕುಂದರ್ರೆಪಾ. ಇದರ ಹಿಂದ ಒಬ್ಬಾಕಿ ಅಳತಾಳ. ನಾ ದಿನಾ ಕೇಳತೇನಿ. ಏನ ಕಷ್ಟ ಐತೋ ಏನೋ ಆ ಹುಡುಗಿಗಿ."

ಒಬ್ಬ ಹುಡುಗಿಯ ದನಿ. ಅತ್ತದ್ದಲ್ಲ, ಹಾಡಿದ್ದೂ ಅಲ್ಲ, ನಡುವಿನದು. ದಪ್ಪ ತಂತಿಯ ಗಿಟಾರು ಒಂದೇ ಸಮನೆ ನಡೆಯುತ್ತಿತ್ತು. ನಡುವೆ ಡ್ರಮ್ಮು ತಪ್ಪಿ ನಿಂತೇಹೋಯಿತು. ಆಕೆ ನಿಲ್ಲಲಿಲ್ಲ, ಒಬ್ಬಳೇ ಹೋದಳು, ಎರಡು ಸಾಲು, ಮೂರು ಸಾಲು. ಹಿಂದೆ ಯಾರೋ ಸಣ್ಣಗೆ ನಕ್ಕರು. ಡ್ರಮ್ಮಿನವನು ತಡವಾಗಿ, ನಾಚಿಕೊಂಡವನಂತೆ ಮತ್ತೆ ಸೇರಿಕೊಂಡ. ಕೊನೆಯಲ್ಲಿ ಕುರ್ಚಿ ಎಳೆದ ಸದ್ದು. ಮೂರೂವರೆ ನಿಮಿಷ ಇದ್ದೀತು.

ಗೆಳೆಯನ ಮುಖ ನೋಡಿದೆ. ಅವನ ಬೆರಳುಗಳು ತೊಡೆಯ ಮೇಲೆ ಪೇಟಿ ನುಡಿಸುತ್ತಿದ್ದವು. "ಇನ್ನೊಮ್ಮಿ ಹಚ್ಚತೀರೇನವ್ವಾ?" ಎಂದು ಕೇಳಿದ. ಅಂದು ಐದು ಸಲ ಕೇಳಿದೆವು.

ಹೊರಡುವಾಗ ನಾನು ಕ್ಯಾಸೆಟ್ಟು ತೆಗೆದು ನೋಡಿದೆ. ಮೇಲೆ ಮೇಳದ ಹೆಸರು, ಭಾಗ ಎರಡು ಎಂದು. ಅಕ್ಷರ ನನ್ನವು. ತೂತಿನಲ್ಲಿ ತುರುಕಿದ ಕಾಗದವೂ ನನ್ನ ಕಾಲೇಜಿನ ಫಿಸಿಕ್ಸ್ ನೋಟ್ಸಿನದು. ಆಗ ಎಲ್ಲ ನೆನಪಾಯಿತು. ಝೆರಾಕ್ಸ್ ಕಾಗದದ ಮೇಲೆ ಉಲ್ಟಾ ಬಿದ್ದ ಸೈಕಲ್ಲಿನ ಚಿತ್ರ ಇತ್ತು, ಒಂದು ವರ್ಷದ ಹಿಂದೆ. ಹತ್ತು ಸೆಕೆಂಡು ಕೇಳಿ, ಟೇಪ್ ಚೆನ್ನಾಗಿದೆ ಎಂದು, ಆ ಕಾಗದವನ್ನು ಕಸದ ಬುಟ್ಟಿಗೆ ಹಾಕಿ ಅದರ ಮೇಲೆ ಭಜನೆ ತುಂಬಿದವನು ನಾನು.

ಕಿತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವನು ಕೇಳಿದ. "ಇದರ ಮ್ಯಾಲ ಯಾರ ತುಂಬ್ಯಾರಲೇ?"

"ಕಾಕಾ ತುಂಬಿರಬೇಕು" ಅಂದೆ.

ಅವನು ಬಸ್ಸಿಗೆ ಕಾಯುತ್ತ ಕಲ್ಲಿನ ಮೇಲೆ ಕುಳಿತ. ಮುಖದ ಮೇಲೆ ಎಲ್ಲ ಮುಗಿದಂಥ ಒಂದು ನೋಟ. ಇದಕ್ಕಿಂತ ಒಳ್ಳೆಯದು ಇನ್ನು ಸಿಗುವುದಿಲ್ಲ, ಪೂರ್ತಿಯಾಗಿ ಇದೂ ಸಿಗುವುದಿಲ್ಲ, ಇನ್ನು ತಿರುಗುವುದೇಕೆ ಎಂದು ಅವನು ಯೋಚಿಸುತ್ತಿದ್ದಾನೆ ಅಂತ ನನಗೆ ಅನಿಸಿತು. ನನಗೆ ಬೇರೆ ದೋಸ್ತರು ಇರಲಿಲ್ಲ. ವಾರದ ಆರು ದಿನ ಐತವಾರಕ್ಕಾಗಿಯೇ ಕಳೆಯುತ್ತಿದ್ದೆ. ಬಾಯಿಂದ ಹೊರಬಿತ್ತು:

"ಆ ಚೀಲದಾಗ ಇಂಥಾವ ಎರಡ ಇದ್ದೂ. ಇನ್ನೊಂದು ರಾಮದುರ್ಗದ ಕಡೆ ಹೋಗೇತಿ."

"ಖರೆ?"

"ಖರೆ."

"ಆಣಿ ಮಾಡು."

"ಆಣಿ ಯಾಕಲೇ, ಹೇಳಾಕತ್ತೇನಿಲ್ಲೋ?"

ಅವನು ಎದ್ದು ನಿಂತು ನನ್ನ ಬೆನ್ನಿಗೆ ಒಂದು ಗುದ್ದಿದ. ಅಷ್ಟು ಖುಷಿ ಅವನಿಗೆ.

ಆಮೇಲಿನ ಐತವಾರಗಳೆಲ್ಲ ಆ ಇಲ್ಲದ ಕ್ಯಾಸೆಟ್ಟಿನವು. ರಾಮದುರ್ಗದಲ್ಲಿ ನೇಕಾರರ ಓಣಿಯ ಒಂದು ಮೇಳ, ಮಗ್ಗದ ಸದ್ದಿನಲ್ಲಿ ಉಳಿಕಿಯೇ ಕೇಳದು. ಅಲ್ಲಿ ಇಲ್ಲವೆಂದಾಗ ನಾನು ಇನ್ನೊಂದು ಊರು ಹೇಳುತ್ತಿದ್ದೆ. ಅವನು ಕೇಳಿದ ಮೂರೂವರೆ ನಿಮಿಷವನ್ನು ಬಸ್ಸಿನಲ್ಲಿ ಗುನುಗುತ್ತ, ಅದರ ಮೊದಲು ಏನಿದ್ದೀತು ಎಂದು ಊಹೆ ಮಾಡುತ್ತಿದ್ದ. "ಹೀಂಗ ಸುರು ಆಗಿರಬೇಕು ನೋಡು" ಎಂದು ಹಾಡುತ್ತಿದ್ದ. "ಅಲ್ಲ, ಹೀಂಗ." ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, "ಯಾರ ಮನ್ಯಾಗ ಸತ್ತಾರಪಾ?" ಎಂದು ಕೇಳಿದ್ದೂ ಉಂಟು. ನಾವು ಹೊಟ್ಟೆ ಹಿಡಿದು ನಕ್ಕಿದ್ದೆವು. ಸುಳ್ಳಿನ ಭಾರ ಆಗ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅಷ್ಟು ಚೆನ್ನಾಗಿದ್ದವು ಆ ದಿನಗಳು.

ಹಾಗೆಯೇ ನಾನು ಹೇಳಿದೆನೆಂದು ಕಟಕೋಳಕ್ಕೆ ಹೋದ ಐತವಾರ ಅವನ ತಂದೆಯ ಮೇಳ ಬೈಲಹೊಂಗಲಕ್ಕೆ ಬಂತು. ಮೊದಲು ಹೇಳಿರಲಿಲ್ಲ. ಊರಿನ ಯಾರದೋ ಟೆಂಪೋ ಆ ಕಡೆ ಹೊರಟಿತ್ತಂತೆ, ಎಲ್ಲರೂ ಹತ್ತಿದ್ದಾರೆ. ಮಗ ಹೇಗೂ ಅಂಗಡಿಯಲ್ಲೇ ಇರುತ್ತಾನೆ ಎಂದು ಅವರು ಪೇಟಿಯನ್ನಷ್ಟೇ ತಂದಿದ್ದರು. ಮಗ ಇರಲಿಲ್ಲ, ನಾನೂ ಇರಲಿಲ್ಲ. ಮಧ್ಯಾಹ್ನ ಮೂರರ ಮೇಲೆ ಕರೆಂಟ್ ಇರುತ್ತದೋ ಇಲ್ಲವೋ ಎಂದು ಕಾಕಾ ಅವಸರ ಮಾಡಿದ. ಎರಡು ತಾಸು ದಾರಿ ನೋಡಿ ಕೊನೆಗೆ ತಾಳದವನನ್ನು ಪೇಟಿಗೆ ಕೂರಿಸಿ ಅವರು ಹಾಡಿದರು.

ನಾವು ಸಂಜೆ ಬಂದಾಗ ಕಾಕಾ ಗೆಳೆಯನಿಗೆ ಅಂದ: "ನಿಮ್ಮಪ್ಪ ಪ್ರತಿ ಪದಕ್ಕೊಮ್ಮಿ ಬಾಗಲ ಕಡೆ ನೋಡತಿದ್ದಪಾ."

ಆಗಲೇ ಅವನ ತಂದೆಯ ದನಿ ಒಡೆಯುತ್ತಿತ್ತು. ಹಾಡಿ ಹಾಡಿ ಹೀಗಾಗಿದೆ ಎಂದು ಎಲ್ಲರೂ ತಿಳಿದಿದ್ದರು. ಮುಂದೆ ಬೆಳಗಾವಿಗೆ ಕರೆದುಕೊಂಡು ಹೋದಾಗ ಗಂಟಲಿನಲ್ಲಿ ಗಡ್ಡೆ ಎಂದರು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಅಂದು ಅಂಗಡಿಯಲ್ಲಿ ತುಂಬಿದ್ದೇ ಅವರ ಕೊನೆಯ ಕ್ಯಾಸೆಟ್ಟು. ಅದರಲ್ಲಿ ಪೇಟಿ ಅಲ್ಲಲ್ಲಿ ತಡವರಿಸುತ್ತದೆ, ಅವರು ಅದಕ್ಕಾಗಿ ಕಾಯುತ್ತಾರೆ. ಕಾಯುವುದು ಟೇಪಿನಲ್ಲಿ ಕೇಳುತ್ತದೆ.

ಆಪರೇಷನ್ ಆಗಿ ಒಂದು ತಿಂಗಳ ಮೇಲೆ ನಾನು ಸವದತ್ತಿಗೆ ಹೋದೆ. ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಕುಳಿತೆವು. ಅವನು ಇಳಿದುಹೋಗಿದ್ದ. ನನಗಲ್ಲ, ತನಗೇ ಹೇಳಿಕೊಂಡವನಂತೆ ಅಂದ:

"ಹೋಗ್ಲಿ ಬಿಡು. ನಾವೇನ ಸುಮ್ನ ಅಡ್ಡಾಡಾಕ ಹೋಗಿದ್ದಿಲ್ಲ. ಒಂದು ಹುಡುಕಾಕ ಹೋಗಿದ್ವಿ. ಅಪ್ಪಗೂ ಅದು ತಿಳಿತೈತಿ. ಅಂವನೂ ಹಾಡಿನ ಮನಶ್ಯಾನ."

ಅದನ್ನು ಕೇಳಿ ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ.

"ಇನ್ನೊಂದು ಇರಲಿಲ್ಲ" ಅಂದೆ.

"ಏನು?"

"ಇನ್ನೊಂದು ಕ್ಯಾಸೆಟ್. ಇದ್ದದ್ದ ಒಂದ, ಕಿತ್ತೂರಿಂದು. ಅದನ್ನ ಅಳಿಸಿದಾಂವ ಕಾಕಾ ಅಲ್ಲ, ನಾನ."

ಅವನು ಗ್ಲಾಸನ್ನು ಕೆಳಗಿಟ್ಟ. "ಅಂದ್ರ ರಾಮದುರ್ಗ?"

"ಸುಳ್ಳ."

"ಆಮ್ಯಾಲ ಹೋದ್ವೆಲ್ಲಾ, ಆ ಊರೆಲ್ಲಾ?"

"ಸುಳ್ಳ."

"ಕಟಕೋಳ?"

ಬೈಲಹೊಂಗಲದ ಬಸ್ಸು ಬಂದು ನಿಂತಿತು, ಕಂಡಕ್ಟರ್ ಕೂಗುತ್ತಿದ್ದ.

"ಯಾಕಲೇ?" ಅಂದ ಕೊನೆಗೆ.

"ಹುಡುಕೂದ ಮುಗದ್ರ ನೀ ಬರೂದ ಬಿಡತಿ ಅಂತ."

ಅವನು ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಬಹಳ ದಣಿದವನ ಹಾಗೆ ನನ್ನನ್ನು ನೋಡಿದ.

"ಹಾಡ ಅಳಿಸಿದ್ದಕ್ಕ ನಾ ಏನೂ ಅಂತಿದ್ದಿಲ್ಲ. ಅದು ನಿಮ್ಮ ಧಂದೆ. ಬರಾಕ ಏನಾಗಿತ್ತಲೇ ನನಗ? ಕರದ್ರ ಸುಮ್ನ ಬರತಿದ್ನಿಲ್ಲ?"

ಎದ್ದು ಹೋದ. ಅವನ ಚಹಾ ಅರ್ಧ ಉಳಿದಿತ್ತು.

ಅದಾದ ಮೇಲೆ ಮೂರು ಪತ್ರ ಬರೆದೆ, ಉತ್ತರ ಇಲ್ಲ. ಡಿಗ್ರಿಗೆ ಧಾರವಾಡಕ್ಕೆ ಹೋದೆ. ಆಗಲೇ ಆ ಸೀನಿಯರ್ ಸಿಕ್ಕದ್ದು. ಎರಡು ಸಾವಿರದ ನಂತರದ ವರ್ಷಗಳಲ್ಲಿ ಕ್ಯಾಸೆಟ್ಟು ಹೋಗಿ ಸಿಡಿ ಬಂತು, ಕಾಕಾ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಇಟ್ಟ. ಡಿಗ್ರಿ ಮುಗಿಸಿ ನಾನು ಮರಳುವಷ್ಟರಲ್ಲಿ ಬೈಲಹೊಂಗಲಕ್ಕೂ ಇಂಟರ್‌ನೆಟ್ ಸೆಂಟರ್ ಬಂತು. ಡಿಕ್ಷನರಿ ಇಟ್ಟುಕೊಂಡು ಇಂಗ್ಲಿಷ್ ಕಲಿತೆ, ಆ ದಶಕದ ಅಡಗಿದ ಸಂಗೀತವನ್ನು ಪ್ರೀತಿಸುವವರು ಬರೆಯುವ ಜಾಗಗಳನ್ನು ಹುಡುಕಿದೆ. ನನ್ನಂಥ ಹುಚ್ಚರು ಜಗತ್ತಿನಲ್ಲಿ ಇಷ್ಟು ಮಂದಿ ಇದ್ದಾರೆ ಎಂದು ಗೊತ್ತಾದ ದಿನ ಊಟ ಸೇರಲಿಲ್ಲ. ಅಲ್ಲಿ ಬರೆದೆ: ಒಂದು ಹುಡುಗಿ, ನಡುವೆ ನಿಲ್ಲುವ ಡ್ರಮ್ಮು, ಒಂದು ನಗು, ಕೊನೆಯಲ್ಲಿ ಕುರ್ಚಿ, ಹೊದಿಕೆಯ ಮೇಲೆ ಉಲ್ಟಾ ಸೈಕಲ್ಲು. ಎಂಟು ತಿಂಗಳು ಯಾರೂ ಮಾತಾಡಲಿಲ್ಲ. ಆಮೇಲೆ ಯಾವುದೋ ದೂರದ ದೇಶದ ಅಪರಿಚಿತನೊಬ್ಬ, "ಇದಾ ನೋಡು" ಎಂದಷ್ಟೇ ಬರೆದು ಹಾಡು ಕಳಿಸಿದ. ಸಣ್ಣ ಊರಿನ ನಾಲ್ಕು ಮಂದಿ, ಒಂದೇ ಕ್ಯಾಸೆಟ್ಟು ಮಾಡಿ ಚದುರಿಹೋದವರಂತೆ.

ಪೂರ್ತಿ ಹಾಡು ಏಳು ನಿಮಿಷ. ಮೊದಲ ಅರ್ಧವನ್ನು ನಾನು ಸೆಂಟರಿನ ಮುರುಕು ಹೆಡ್‌ಫೋನಿನಲ್ಲಿ ಒಬ್ಬನೇ ಕೇಳಿದೆ. ಸಿಡಿಗೆ ಹಾಕಿಸಿ ಮರುದಿನವೇ ಸವದತ್ತಿಯ ಬಸ್ಸು ಹತ್ತಿದೆ. ಇದನ್ನು ಅವನ ಕೈಗೆ ಕೊಟ್ಟರೆ ಏನೋ ಸರಿಹೋಗುತ್ತದೆ ಎಂದು ನಂಬಿದ್ದೆ. ದಾರಿಯುದ್ದಕ್ಕೂ ಅವನ ಮುಖ ಹೇಗಾಗಬಹುದು ಎಂದೇ ನೆನೆಯುತ್ತಿದ್ದೆ.

ಕಟ್ಟೆಯ ಮೇಲೆ ಅವನ ತಂದೆ ಕುಳಿತಿದ್ದರು, ಕೊರಳಿಗೆ ಮೆತ್ತನೆಯ ಅರಿವೆ ಸುತ್ತಿಕೊಂಡು. ನನ್ನ ಗುರುತು ಹಿಡಿದರು. ಕೈಯಿಂದಲೇ ಬಾ ಎಂದರು, ಪಕ್ಕದ ಜಾಗ ತಟ್ಟಿ ತೋರಿಸಿದರು. ಆ ದೊಡ್ಡ ದನಿಯ ಮನುಷ್ಯ ಹಾಗೆ ಸದ್ದಿಲ್ಲದೆ ಕರೆದಾಗ ನಾನು ಮೆಟ್ಟಿಲ ಕೆಳಗೇ ನಿಂತೆ. ಅಷ್ಟರಲ್ಲಿ ಗೆಳೆಯ ಹೊರಗೆ ಬಂದ. ಮೇಳವನ್ನು ಈಗ ಅವನೇ ನಡೆಸುತ್ತಾನೆ ಎಂದು ಕೇಳಿದ್ದೆ.

"ಯಾವಾಗ ಬಂದಿ?" ಅಂದ, ನೆರೆಮನೆಯವನನ್ನು ಕೇಳುವ ಹಾಗೆ.

ಸಿಡಿ ಮುಂದೆ ಹಿಡಿದೆ. "ಸಿಕ್ಕೇತಿ. ಪೂರ್ತಿ. ಮೊದಲಿಂದ."

ಅವನು ತೆಗೆದುಕೊಳ್ಳಲಿಲ್ಲ. "ನೀ ಕೇಳಿದಿ?"

"ಕೇಳೇನಿ."

"ಹೆಂಗೈತಿ?"

"ಭಾಳ ಚೊಲೋ ಐತಿ."

"ಮತ್ತ ಆತಲ್ಲ."

"ನೀ ಕೇಳಂಗಿಲ್ಲ?"

ಅವನು ಒಮ್ಮೆ ಅಪ್ಪನ ಕಡೆ ನೋಡಿ, ಮೆಟ್ಟಿಲು ಇಳಿದು ನನ್ನ ಹತ್ತಿರ ಬಂದು ನಿಂತ.

"ಅದರ ಮೊದಲಿನ ಭಾಗ ನಾ ಪೇಟಿ ಮ್ಯಾಲ ಕಟ್ಟೇನಿ. ಹುಡುಕಾಟದಾಗ ಸುರು ಮಾಡಿದ್ದು, ಎರಡ ವರ್ಷ ಹಿಡದೈತಿ. ದಿನಾ ಮುಂಜಾನಿ ಅಪ್ಪನ ಮುಂದ ಬಾರಿಸತೇನಿ. ಅಂವಾ ತೊಡಿ ಮ್ಯಾಲ ತಾಳ ಹಾಕತಾನ. ಆತನ ಪಾಲಿಗಿ ಉಳದದ್ದು ಅಷ್ಟ. ಈಗ ಇದನ್ನ ಕೇಳಿದ್ರ ನಂದು ಹೋಗತೈತಿ." ಸಿಡಿಯನ್ನು ನೋಡಿ ಅಂದ: "ಅದರ ಮ್ಯಾಲೂ ತುಂಬಾಕ ಬಂದಿ ಏನು?"

ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಾಗಿದ್ದರೆ ನಾನು ಜಗಳ ಆಡುತ್ತಿದ್ದೆ, ಕಾಲು ಹಿಡಿಯುತ್ತಿದ್ದೆ. ನಿಜವಾಗಿಯೂ ಕೇಳುತ್ತಿದ್ದ.

"ಇಲ್ಲ" ಅಂದೆ. ಸಿಡಿಯನ್ನು ಅಂಗಿಯ ಒಳಗೆ ಇಟ್ಟುಕೊಂಡೆ. ಅವನು ಕಟ್ಟಿದ್ದನ್ನು ಒಮ್ಮೆ ಕೇಳಲೇ ಎಂದು ಕೇಳಬೇಕು ಅನಿಸಿತ್ತು. ಕೇಳಲಿಲ್ಲ. ಅವನ ತಂದೆ ಚಹಾ ಕುಡಿದು ಹೋಗು ಎಂದು ಸನ್ನೆ ಮಾಡುತ್ತಲೇ ಇದ್ದರು. ನಾನು ಕೈ ಮುಗಿದು ಬಂದೆ.

ಈಗ ಪೂರ್ತಿ ಹಾಡು ನನ್ನ ಹತ್ತಿರ ಇದೆ. ಅದು ನಿಜಕ್ಕೂ ಚೆನ್ನಾಗಿದೆ, ಆ ದಶಕವನ್ನು ಬೈಯುವವರಿಗೆಲ್ಲ ಕೇಳಿಸಬೇಕು ಅನಿಸುವಷ್ಟು. ಆದರೆ ಕೆಲವು ದಿನ ಕಿತ್ತೂರಿನ ಆ ಅವ್ವನ ಮನೆಯಲ್ಲಿ ಕೇಳಿದ ಹಾಗೆ ಕೇಳಬೇಕು ಅನಿಸುತ್ತದೆ. ಸಿಡಿಯನ್ನು ನಡುವಿನವರೆಗೆ ಓಡಿಸಿ, ಅಲ್ಲಿಂದ ಹಚ್ಚುತ್ತೇನೆ. ಡ್ರಮ್ಮು ನಿಲ್ಲುತ್ತದೆ, ಆಕೆ ಒಬ್ಬಳೇ ಹೋಗುತ್ತಾಳೆ. ಇದರ ಮೊದಲು ಏನಿದ್ದೀತು ಎಂದು ಅವನ ಹಾಗೆ ಊಹೆ ಮಾಡಲು ನೋಡುತ್ತೇನೆ. ಆಗುವುದಿಲ್ಲ. ಏನಿತ್ತೆಂದು ನನಗೆ ಗೊತ್ತಿದೆ.